ಧ್ಯಾನದ ಗುಂಪು ಊರಾಗುವುದು ಹೇಗೆ? ಇಕೋವಿಲೇಜ್ ಕಟ್ಟಲು ಹೊರಟವರಿಗೆ ಒಂದು ಮಾರ್ಗದರ್ಶಿ

1962ರ ನವೆಂಬರ್ 17. ಸ್ಕಾಟ್ಲೆಂಡಿನ ಈಶಾನ್ಯ ಕಡಲತಡಿಯ ಫಿಂಡ್‌ಹಾರ್ನ್ ಎಂಬ ಹಳ್ಳಿ. ಅಲ್ಲಿನ ಕ್ಯಾರವಾನ್ (ಗಾಲಿಮನೆ) ಪಾರ್ಕಿಗೆ ಪೀಟರ್ ಕ್ಯಾಡಿ, ಹೆಂಡತಿ ಐಲೀನ್, ಮೂವರು ಗಂಡುಮಕ್ಕಳು ಮತ್ತು ಗೆಳತಿ ಡೊರೊತಿ ಮೆಕ್ಲೀನ್ ಬಂದು ಇಳಿದರು. ಹೋಟೆಲ್ ನೋಡಿಕೊಳ್ಳುತ್ತಿದ್ದ ಕೆಲಸ ಕೈತಪ್ಪಿತ್ತು. ನಿರುದ್ಯೋಗ ಭತ್ಯೆಯಲ್ಲಿ ದಿನ ದೂಡಬೇಕಿತ್ತು. ಕ್ಯಾರವಾನಿನೊಳಗೆ ಕಾಲು ಚಾಚಲೂ ಜಾಗ ಇರಲಿಲ್ಲ. ಹಾಗಾಗಿ ಐಲೀನ್ ರಾತ್ರಿ ಹೊತ್ತು ಪಾರ್ಕಿನ ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಕೂತು ಧ್ಯಾನ ಮಾಡುತ್ತಿದ್ದರು. ನೆಲವೋ ಬರೀ ಮರಳು. ಅದಕ್ಕೆ ಕುದುರೆ ಲದ್ದಿ, ಕಡಲಪಾಚಿ, ಕಾಂಪೋಸ್ಟ್ ಸುರಿದು ತರಕಾರಿ ಬೆಳೆದರು. ಆ ತೋಟದ 18 ಕಿಲೋ ತೂಕದ ಎಲೆಕೋಸಿನ ಕಥೆ ದೂರದೂರಕ್ಕೆ ಹಬ್ಬಿತು. ಜನ ನೋಡಲು ಬಂದರು. ಕೆಲವರು ಅಲ್ಲೇ ಉಳಿದರು.

ಊರು ಕಟ್ಟಬೇಕು ಎಂದು ಅವರಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಆದರೆ 1995ರಲ್ಲಿ ಇದೇ ಜಾಗದಲ್ಲಿ ಇಕೋವಿಲೇಜ್‌ಗಳ, ಅಂದರೆ ಪ್ರಕೃತಿಗೆ ಕೇಡಾಗದಂತೆ ಒಟ್ಟಿಗೆ ಬದುಕುವ ಊರುಗಳ, ದೊಡ್ಡ ಸಮ್ಮೇಳನ ನಡೆಯಿತು. ಜಗತ್ತಿನ ಇಕೋವಿಲೇಜ್‌ಗಳ ಜಾಲ ಹುಟ್ಟಿಕೊಂಡಿದ್ದು ಅಲ್ಲೇ.

ನಿಮ್ಮದೂ ಒಂದು ಧ್ಯಾನದ ಗುಂಪೋ ಸತ್ಸಂಗವೋ ಇರಬಹುದು. ವಾರಕ್ಕೊಮ್ಮೆ ಸೇರುತ್ತೀರಿ. 'ಒಟ್ಟಿಗೇ ಯಾಕೆ ಬದುಕಬಾರದು? ನೆಲಕ್ಕೆ ಭಾರವಾಗದೆ ಬದುಕಬಹುದಲ್ವಾ?' ಅನ್ನೋ ಮಾತು ಬಂದಿದೆ. ಈ ಲೇಖನ ನಿಮಗಾಗಿ. ಇಂಥ ಸಮುದಾಯಗಳಲ್ಲಿ ಇದ್ದು, ಇನ್ನಷ್ಟರ ಕಥೆ ಓದಿ ನನಗೆ ಗಟ್ಟಿಯಾಗಿರುವ ಮಾತು ಒಂದೇ. ಒಟ್ಟಿಗೆ ಕೂರುವುದರಿಂದ ಗುಂಪು ಹುಟ್ಟುತ್ತದೆ. ಹಿಡಿತ ಬಿಟ್ಟುಕೊಡುವುದನ್ನು ಕಲಿತಾಗ ಮಾತ್ರ ಅದು ಊರಾಗುತ್ತದೆ. ಮುಂದಿನ ಹೆಜ್ಜೆಗಳಲ್ಲೆಲ್ಲ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತದೆ.

ಹೆಜ್ಜೆ 1: ಜಮೀನು ಹುಡುಕುವ ಮುಂಚೆ ಪಾತ್ರೆ ತೊಳೆಯಿರಿ

ಎಲ್ಲರೂ ಮೊದಲು ಜಮೀನು ಹುಡುಕಲು ಓಡುತ್ತಾರೆ. ತಡೆಯಿರಿ. ಒಂದು ಮನೆ ಬಾಡಿಗೆಗೆ ಹಿಡಿದು ತಿಂಗಳಿಗೆ ನಾಲ್ಕು ದಿನವಾದರೂ ಒಟ್ಟಿಗೆ ಇದ್ದು ನೋಡಿ. ಒಂದು ವರ್ಷ ಹೀಗೇ ಸಾಗಲಿ. ಅಡುಗೆ, ಕಸ, ಖರ್ಚಿನ ಲೆಕ್ಕ, ಮಕ್ಕಳ ಗಲಾಟೆ, ಎಲ್ಲವೂ ಒಟ್ಟಿಗೇ.

ನಾನಿದ್ದ ಒಂದು ಸಮುದಾಯದಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಬಹಳ ಮುಖ್ಯವಾಗಿತ್ತು. ತಳ ಹಿಡಿದ ದೊಡ್ಡ ಪಾತ್ರೆ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಬೆಳಗ್ಗೆ ಕರುಣೆಯ ಬಗ್ಗೆ ಚೆನ್ನಾಗಿ ಮಾತಾಡಿದವರು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ದಿನಾ ಅದೇ ಇಬ್ಬರು ತೋಳು ಮಡಚಿ ಉಜ್ಜುತ್ತಿದ್ದರು. ಆರು ತಿಂಗಳಾದ ಮೇಲೆ ಆ ಇಬ್ಬರೂ ಬಿಟ್ಟು ಹೋದರು. ಯಾಕೆ ಹೋದರು ಅಂತ ಆಮೇಲೆ ಸಭೆ ಕೂಡಿಸಿದೆವು. ಉತ್ತರ ಆ ಕಟ್ಟೆಯ ಮೇಲೇ ಇತ್ತು. ನನಗೆ ಈಗಲೂ ಬೇಜಾರಾಗುತ್ತದೆ, ಯಾಕೆಂದರೆ ಜಾರಿಕೊಂಡವರಲ್ಲಿ ನಾನೂ ಇದ್ದೆ.

ಆದ್ದರಿಂದ ಮೊದಲ ವಾರವೇ ಕೆಲಸದ ಪಟ್ಟಿ ಗೋಡೆಗೆ ಅಂಟಿಸಿ. ಗುಂಪಿನ ಹಿರಿಯರ ಹೆಸರು ಪಾತ್ರೆ ತೊಳೆಯುವ ಸಾಲಿನಲ್ಲೇ ಮೊದಲು ಬರಲಿ. ಕೆಲಸ ಶುರುವಾಗುವ ಮುಂಚೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಫಿಂಡ್‌ಹಾರ್ನ್‌ನಲ್ಲಿ ಕೆಲಸಕ್ಕೆ ಇಳಿಯುವ ಮುಂಚೆ ಎಲ್ಲರೂ ಸುತ್ತ ನಿಂತು, ಕೈ ಹಿಡಿದು, ಕ್ಷಣ ಹೊತ್ತು ಮೌನವಾಗಿರುವ ರೂಢಿ ಬೆಳೆಯಿತು. ಅಡುಗೆಮನೆಯಿರಲಿ, ತೋಟವಿರಲಿ, ಮುಗಿಸುವಾಗಲೂ ಹಾಗೇ. ಧ್ಯಾನದ ಕೋಣೆಯನ್ನು ಅಡುಗೆಮನೆಗೆ ತರಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಹೆಜ್ಜೆ 2: ಒಂದೇ ದನಿ ಇದ್ದರೆ ಈಗಲೇ ಹಂಚಿ

ಆಧ್ಯಾತ್ಮಿಕ ಗುಂಪುಗಳಲ್ಲಿ ಸಾಮಾನ್ಯವಾಗಿ ಒಬ್ಬರು ಗುರು ಇರುತ್ತಾರೆ, ಇಲ್ಲವೇ ಗುಂಪು ಶುರುಮಾಡಿದ ಹಿರಿಯರು. ಅವರ ಮಾತಿನ ಮೇಲೇ ಎಲ್ಲ ನಡೆಯುತ್ತದೆ. ಶುರುವಿನಲ್ಲಿ ಇದರಿಂದ ಅನುಕೂಲವೇ ಜಾಸ್ತಿ. ಬೇಗ ಕೆಲಸ ಆಗುತ್ತದೆ. ಆದರೆ ಕೊಳವೆ ಎಲ್ಲಿ ಹಾಕಬೇಕು, ಯಾರಿಗೆ ಮನೆ ಕೊಡಬೇಕು ಅನ್ನೋದಕ್ಕೂ ಅವರನ್ನೇ ಕೇಳುವ ರೂಢಿ ಬಿದ್ದರೆ ಜನ ಬೆಳೆಯುವುದಿಲ್ಲ.

ಫಿಂಡ್‌ಹಾರ್ನ್‌ನಲ್ಲಿ ಮೊದಲ ವರ್ಷಗಳಲ್ಲಿ ಐಲೀನ್‌ಗೆ ಧ್ಯಾನದಲ್ಲಿ ಕೇಳಿಬಂದ ಮಾತಿನಂತೆಯೇ ಪೀಟರ್ ಎಲ್ಲ ಮಾಡುತ್ತಿದ್ದರು. 1971ರಲ್ಲಿ ಐಲೀನ್ ಅದನ್ನು ನಿಲ್ಲಿಸಿದರು. ಇನ್ನು ಸಮುದಾಯಕ್ಕಾಗಿ ಕೇಳಿ ಹೇಳುವುದಿಲ್ಲ, ಒಬ್ಬೊಬ್ಬರೂ ತಮ್ಮೊಳಗೇ ಕಿವಿಗೊಡಲಿ ಎಂದರು. ಪೀಟರ್‌ಗೆ ಇದು ಕಷ್ಟವಾಯಿತು. ಆದರೆ ಆ ಸಮುದಾಯದ ಚರಿತ್ರೆಯಲ್ಲಿ ಎಲೆಕೋಸಿಗಿಂತ ದೊಡ್ಡ ಘಟನೆ ಇದೇ ಅಂತ ನಾನು ನಂಬಿದ್ದೇನೆ. 1979ರಲ್ಲಿ ಪೀಟರ್ ಬಿಟ್ಟು ಹೋದಾಗಲೂ ಊರು ಕುಸಿಯಲಿಲ್ಲ.

ಪುದುಚೇರಿ ಹತ್ತಿರದ ಆರೋವಿಲ್‌ನ ದಾರಿ ಇದಕ್ಕಿಂತ ಕಷ್ಟದ್ದು. 1968ರ ಫೆಬ್ರವರಿ 28ರಂದು 124 ದೇಶಗಳ ಮಣ್ಣನ್ನು ಒಂದು ಪಾತ್ರೆಗೆ ಹಾಕಿ ಶುರುವಾದ ಊರದು. ಅದರ ಕನಸು ಕಂಡವರು ಶ್ರೀ ಅರವಿಂದರ ಆಶ್ರಮದ 'ಮದರ್' ಮಿರ್ರಾ ಅಲ್ಫಾಸಾ. 1973ರಲ್ಲಿ ಅವರು ತೀರಿಕೊಂಡ ಮೇಲೆ ಊರು ಯಾರದ್ದು ಅನ್ನೋ ಪ್ರಶ್ನೆ ಎದ್ದಿತು. ಶ್ರೀ ಅರವಿಂದ ಸೊಸೈಟಿಗೂ ನಿವಾಸಿಗಳಿಗೂ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 1980ರಲ್ಲಿ ಸರ್ಕಾರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1988ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ಬಂತು.

ಹಿರಿಯರು ಕಣ್ಣೆದುರು ಇರುವಾಗಲೇ ಕೂತು ಇದನ್ನು ಬರೆದಿಡಿ: ಸಾಧನೆಯ ವಿಷಯದಲ್ಲಿ ಯಾರ ಮಾತು ಕೊನೆ? ಹಣ, ಜಮೀನು, ಮನೆ ವಿಷಯದಲ್ಲಿ ಯಾರ ಮಾತು ಕೊನೆ? ಈ ಎರಡಕ್ಕೂ ಉತ್ತರ ಒಬ್ಬರೇ ಆಗಬಾರದು. ಹಿರಿಯರೇ ತಮ್ಮ ಕೈಯಾರೆ ಸಹಿ ಹಾಕಿದರೆ ಎಷ್ಟೋ ಜಗಳ ಹುಟ್ಟುವ ಮುಂಚೆಯೇ ಮುಗಿಯುತ್ತದೆ.

ಹೆಜ್ಜೆ 3: ಜಾಗ ನೋಡಿ, ಆಮೇಲೆ ಒಂದು ವರ್ಷ ಸುಮ್ನೆ ನೋಡಿ

ಜಾಗ ಚಂದ ಇದೆ ಅಂತ ಮರುಳಾಗಬೇಡಿ. ಕೇಳಬೇಕಾದ್ದು ಇಷ್ಟು. ಬೇಸಿಗೆಯಲ್ಲಿ ನೀರು ಎಲ್ಲಿಂದ? ಮಳೆ ಜೋರಾದಾಗ ನೀರು ಎಲ್ಲಿ ನಿಲ್ಲುತ್ತದೆ? ಮನೆಗಳನ್ನು ಕಟ್ಟಲು, ಹಲವು ಕುಟುಂಬ ಇರಲು ಕಾನೂನು ಬಿಡುತ್ತದಾ? ದಾರಿಯ ಹಕ್ಕು ಕಾಗದದಲ್ಲಿ ಇದೆಯಾ? ಅಕ್ಕಪಕ್ಕದವರು ಯಾರು, ನಿಮ್ಮನ್ನು ಅವರು ಏನಂದುಕೊಂಡಿದ್ದಾರೆ? ಕೊನೆಯ ಪ್ರಶ್ನೆಯನ್ನು ಆಧ್ಯಾತ್ಮಿಕ ಗುಂಪುಗಳು ಮರೆಯುವುದು ಜಾಸ್ತಿ. ಬಾಗಿಲು ಮುಚ್ಚಿ ಏನೋ ಮಾಡುತ್ತಾರೆ ಅನ್ನೋ ಅನುಮಾನ ಒಮ್ಮೆ ಹುಟ್ಟಿದರೆ ಹೋಗಲಾಡಿಸುವುದು ಕಷ್ಟ. ಇಟಲಿಯ ದಮನ್‌ಹೂರ್ ಸಮುದಾಯ ಬೆಟ್ಟದೊಳಗೆ ಗುಟ್ಟಾಗಿ ಕೊರೆದ ದೇಗುಲಗಳು 1992ರಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದವು. ಅಷ್ಟು ವರ್ಷದ ಕೆಲಸ ಉರುಳಿಹೋಗುವ ಅಪಾಯ ಬಂದಿತ್ತು. ಮೊದಲ ದಿನವೇ ಅಕ್ಕಪಕ್ಕದವರನ್ನು ಊಟಕ್ಕೆ ಕರೆಯಿರಿ.

ಮಣ್ಣು ಕೆಟ್ಟಿದೆ ಅಂತ ಹೆದರಬೇಡಿ. ಫಿಂಡ್‌ಹಾರ್ನ್ ಮರಳು. ಆರೋವಿಲ್ ಶುರುವಾದಾಗ ಮಳೆನೀರು ಕೊರೆದ ಕೆಂಪು ಬಯಲು. ಅಲ್ಲಿಗೆ ಬಂದವರು ಮನೆಗಿಂತ ಮುಂಚೆ ಬದು ಹಾಕಿದರು, ನೀರು ತಡೆದರು, ಗಿಡ ನೆಟ್ಟರು. ಇವತ್ತು ಅದು ಕಾಡು.

ನೀರನ್ನು ತಡೆಯಲು ಬದು ಸಮಮಟ್ಟದ ಗೆರೆಯಲ್ಲೇ ಇರಬೇಕು. ದೊಡ್ಡ ಉಪಕರಣ ಬೇಡ. ಎರಡು ಮೀಟರ್ ಉದ್ದದ ಎರಡು ಕೋಲು ತಗೊಳ್ಳಿ. ಮೇಲ್ತುದಿ ಸೇರಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಇದನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕಾಲು ಇರುವ ಜಾಗಕ್ಕೆ ಗೂಟ ಹೊಡೆಯಿರಿ. ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಹತ್ತಿರ ನಿಲ್ಲಿಸಿ, ಇನ್ನೊಂದು ಗುರುತು ಹಾಕಿ. ಎರಡು ಗುರುತಿನ ನಟ್ಟನಡುವೆ ಮೂರನೆಯ ಗೆರೆ ಎಳೆಯಿರಿ. ದಾರ ಆ ಗೆರೆಗೆ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಒಂದು ಕಾಲನ್ನು ಊರಿ, ಇನ್ನೊಂದನ್ನು ತಿರುಗಿಸುತ್ತಾ, ಹೆಜ್ಜೆ ಹೆಜ್ಜೆಗೂ ಗೂಟ ಹೊಡೆಯುತ್ತಾ ಗುಡ್ಡದ ಅಡ್ಡಕ್ಕೆ ನಡೆಯಿರಿ. ಗಾಳಿ ಇರುವ ದಿನ ದಾರ ತೂಗಾಡುತ್ತದೆ. ಅದು ನಿಲ್ಲುವ ತನಕ ಎಲ್ಲರೂ ಉಸಿರು ಹಿಡಿದು ನೋಡುತ್ತಾ ನಿಲ್ಲುತ್ತಾರೆ. ಮಾತೇ ಇಲ್ಲದ ಆ ಕ್ಷಣ ನನಗೆ ಬಹಳ ಇಷ್ಟ.

ಎಲ್ಲ ಋತುಗಳೂ ಒಮ್ಮೆ ಕಳೆಯುವ ತನಕ ಖಾಯಂ ಮನೆ ಕಟ್ಟಬೇಡಿ. ಡೇರೆ, ಶೆಡ್ಡು ಸಾಕು.

ಹೆಜ್ಜೆ 4: ಜಮೀನು ಯಾರ ಹೆಸರಲ್ಲಿ, ಹಣ ಯಾರ ಜೇಬಿನಲ್ಲಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಎಷ್ಟೋ ಸಮುದಾಯಗಳು ಒಡೆಯುವುದು ಇಲ್ಲೇ.

ಅಮೆರಿಕದ ಟೆನ್ನೆಸೀಯಲ್ಲಿ 'ದಿ ಫಾರ್ಮ್' ಅಂತ ಒಂದು ಊರಿದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಟೀಫನ್ ಗ್ಯಾಸ್ಕಿನ್ ಎಂಬ ಗುರುವಿನ ಹಿಂದೆ ಬಸ್ಸುಗಳ ಸಾಲಿನಲ್ಲಿ ಬಂದ ಯುವಕರು ಕಟ್ಟಿದ್ದು. ಎಲ್ಲರ ದುಡ್ಡೂ ಒಂದೇ ಚೀಲಕ್ಕೆ. ಯಾರಿಗೂ ಸ್ವಂತದ್ದು ಅಂತ ಇರಲಿಲ್ಲ. ಜನಸಂಖ್ಯೆ ಸಾವಿರ ದಾಟಿತು. ಸಾಲವೂ ಬೆಳೆಯಿತು. 1983ರಲ್ಲಿ ಅವರು ಕೂತು ಪದ್ಧತಿಯನ್ನೇ ಬದಲಿಸಿದರು. ನೆಲ ಎಲ್ಲರದ್ದಾಗಿಯೇ ಉಳಿಯಿತು, ಆದರೆ ಪ್ರತಿ ಮನೆಯೂ ತಾನೇ ದುಡಿದು, ತಿಂಗಳಿಗಿಷ್ಟು ಅಂತ ಊರಿಗೆ ಕೊಡಬೇಕು. ತುಂಬಾ ಜನ ಬಿಟ್ಟು ಹೋದರು. ಉಳಿದವರು ಕೆಲವು ನೂರು. ಆದರೆ ಊರು ಇವತ್ತಿಗೂ ಇದೆ. 1994ರಲ್ಲಿ ಅಲ್ಲಿ ಇಕೋವಿಲೇಜ್ ತರಬೇತಿ ಕೇಂದ್ರವೂ ಶುರುವಾಯಿತು.

ಇದರಿಂದ ನಾನು ಕಲಿತದ್ದು: ನೆಲ ಎಲ್ಲರದ್ದು, ದುಡಿಮೆ ಅವರವರದ್ದು, ನಡುವೆ ಒಂದು ನಿಗದಿಯಾದ ಚಂದಾ. ಹೀಗೆ ಶುರುಮಾಡುವುದೇ ಕ್ಷೇಮ. ಎಲ್ಲವನ್ನೂ ಒಟ್ಟುಗೂಡಿಸುವ ಆಸೆ ಇದ್ದರೆ ಹತ್ತು ವರ್ಷ ಆದ ಮೇಲೆ ಯೋಚಿಸಿ.

ಜಮೀನನ್ನು ಯಾವತ್ತೂ ಗುರುವಿನ ಹೆಸರಿಗೆ ಅಥವಾ ಹಣ ಹಾಕಿದ ಒಬ್ಬರ ಹೆಸರಿಗೆ ಬರೆಸಬೇಡಿ. ಟ್ರಸ್ಟ್ ಅಥವಾ ಸಹಕಾರ ಸಂಘ ಮಾಡಿ. ಮಾರಬೇಕಾದರೆ ಎಷ್ಟು ಜನರ ಒಪ್ಪಿಗೆ ಬೇಕು ಅಂತ ನಿಯಮದಲ್ಲೇ ಇರಲಿ. ವಕೀಲರ ಖರ್ಚಿಗೆ ಚೌಕಾಸಿ ಮಾಡಬೇಡಿ.

ಇನ್ನೊಂದು ಮಾತು. ಎಲ್ಲವನ್ನೂ ಒಂದೇ ಸಂಸ್ಥೆಯ ಕೆಳಗೆ ಇಡಬೇಡಿ. ಫಿಂಡ್‌ಹಾರ್ನ್ ಫೌಂಡೇಶನ್ 1972ರಲ್ಲಿ ನೋಂದಣಿಯಾಯಿತು. 1983ರಲ್ಲಿ, ಮೊದಲ ಕ್ಯಾರವಾನ್ ಬಂದ 21 ವರ್ಷದ ಮೇಲೆ, ಆ ಕ್ಯಾರವಾನ್ ಪಾರ್ಕನ್ನೇ ಕೊಂಡಿತು. ಸುತ್ತ ಮನೆಗಳು ಎದ್ದವು. ನಿವಾಸಿಗಳು ತಮ್ಮದೇ ಸಂಘ, ಸಹಕಾರಿ, ಸಣ್ಣ ಉದ್ಯಮಗಳನ್ನು ಕಟ್ಟಿಕೊಂಡರು. 2021ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಸಮುದಾಯ ಭವನ ಮತ್ತು ಧ್ಯಾನಮಂದಿರ ಸುಟ್ಟುಹೋದವು. ಕೋವಿಡ್‌ನ ಪೆಟ್ಟು ಬೇರೆ. 2023ರಲ್ಲಿ ಫೌಂಡೇಶನ್ ತನ್ನ ಕೋರ್ಸುಗಳನ್ನೇ ನಿಲ್ಲಿಸಬೇಕಾಯಿತು. ದಶಕಗಳ ಕಾಲ ಊರಿನ ಬೆನ್ನೆಲುಬಾಗಿದ್ದ ಸಂಸ್ಥೆ ಅದು. ಆದರೂ ಜನ ಅಲ್ಲೇ ಇದ್ದಾರೆ. ಬೆನ್ನೆಲುಬು ಒಂದೇ ಇರಲಿಲ್ಲವಲ್ಲ.

ಹೆಜ್ಜೆ 5: ಸಭೆ

'ನಮ್ಮಲ್ಲಿ ಪ್ರೀತಿ ಇದೆ, ನಿಯಮ ಯಾಕೆ?' ಅನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಿಯಮ ಇಲ್ಲದಿದ್ದರೆ ಗಟ್ಟಿ ದನಿ ಇರುವವರದ್ದೇ ನಡೆಯುತ್ತದೆ, ಅಷ್ಟೇ. ಬಹುಮತಕ್ಕೆ ಹೋದರೆ ಸೋತವರು ಮುನಿಸಿಕೊಂಡು ಕೂರುತ್ತಾರೆ. ಎಲ್ಲರೂ ಪೂರ್ತಿ ಒಪ್ಪಲೇಬೇಕು ಅಂದರೆ ಒಬ್ಬರೇ ಇಡೀ ಊರನ್ನು ವರ್ಷಗಟ್ಟಲೆ ನಿಲ್ಲಿಸಬಹುದು.

ನಡುವಿನ ದಾರಿ ಸೋಶಿಯೋಕ್ರಸಿ. ನೆದರ್ಲೆಂಡ್ಸಿನ ಕೇಸ್ ಬೂಕೆ ಇದನ್ನು ತಮ್ಮ ಶಾಲೆಯಲ್ಲಿ ಬಳಸಿದರು. ಅವರ ಶಿಷ್ಯ ಗೆರಾರ್ಡ್ ಎಂಡೆನ್‌ಬರ್ಗ್ ಮುಂದೆ ತಮ್ಮ ಕಂಪನಿಯಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟರು. ನಡೆಸುವುದು ಹೀಗೆ. ಸುತ್ತ ಕೂತು ಎರಡು ನಿಮಿಷ ಮೌನ. ಒಬ್ಬರು ಪ್ರಸ್ತಾಪ ಇಡುತ್ತಾರೆ. ಮೊದಲ ಸುತ್ತು ಬರೀ ಪ್ರಶ್ನೆಗಳು. ಎರಡನೇ ಸುತ್ತು ಅನಿಸಿಕೆ. ಮೂರನೇ ಸುತ್ತಿನಲ್ಲಿ 'ನಿಮಗೆ ಇಷ್ಟವಾ?' ಅಂತ ಕೇಳುವುದಿಲ್ಲ. 'ಇದರಿಂದ ನಮ್ಮ ಉದ್ದೇಶಕ್ಕೆ ಪೆಟ್ಟು ಬೀಳುತ್ತದಾ?' ಅಂತ ಕೇಳುತ್ತಾರೆ. ಬೀಳುತ್ತದೆ ಅನ್ನುವವರು ಕಾರಣ ಹೇಳಬೇಕು. ಆ ಕಾರಣ ಹಿಡಿದು ಪ್ರಸ್ತಾಪ ತಿದ್ದುತ್ತಾರೆ. ಯಾರಿಗೂ ಕಾರಣವಿರುವ ಆಕ್ಷೇಪ ಉಳಿಯದಿದ್ದರೆ ಮೂರು ತಿಂಗಳ ಮಟ್ಟಿಗೆ ಮಾಡಿ ನೋಡೋಣ ಅಂತ ಬರೆದುಕೊಳ್ಳುತ್ತಾರೆ. ಈ 'ಮೂರು ತಿಂಗಳ ಮಟ್ಟಿಗೆ' ಅನ್ನೋದು ಎಷ್ಟೋ ಬಿಗಿದ ಮುಖಗಳನ್ನು ಸಡಿಲಿಸುತ್ತದೆ.

ಎಚ್ಚರ: 'ಧ್ಯಾನದಲ್ಲಿ ನನಗೆ ಹೀಗೆ ಬಂತು' ಅನ್ನೋದು ಅನಿಸಿಕೆಯ ಸುತ್ತಿಗೆ ಸಲ್ಲುತ್ತದೆ, ಆಕ್ಷೇಪದ ಸುತ್ತಿಗಲ್ಲ.

ಹೆಜ್ಜೆ 6: ನೀರು, ಗೊಬ್ಬರ, ಕೊಳಚೆ

ಬರೀ ಒಟ್ಟಿಗೆ ಬದುಕುವ ಗುಂಪಿಗೂ ಇಕೋವಿಲೇಜ್‌ಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. 1991ರಲ್ಲಿ ಅಮೆರಿಕದ ರಾಬರ್ಟ್ ಮತ್ತು ಡಯಾನ್ ಗಿಲ್ಮನ್ ದಂಪತಿ ಇಕೋವಿಲೇಜ್ ಎಂದರೇನು ಎಂದು ವಿವರಿಸಿದರು. ಒಬ್ಬರಿಗೊಬ್ಬರು ಗೊತ್ತಿರುವಷ್ಟು ಸಣ್ಣದಾಗಿ, ಬದುಕಿಗೆ ಬೇಕಾದ್ದೆಲ್ಲ ಇದ್ದು, ಪ್ರಕೃತಿಗೆ ಕೇಡಾಗದಂತೆ ಬೆರೆತ ಊರು ಎಂಬುದು ಅದರ ತಿರುಳು.

ನೀರಿನ ಲೆಕ್ಕ ಮೊದಲು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಛಾವಣಿ, ವರ್ಷಕ್ಕೆ 1000 ಮಿ.ಮೀ. ಮಳೆ ಅಂದುಕೊಳ್ಳಿ. ಸೋರಿಕೆ, ಆವಿ ಕಳೆದು ಸುಮಾರು 80 ಸಾವಿರ ಲೀಟರ್ ಸಿಗುತ್ತದೆ. ಒಬ್ಬರು ದಿನಕ್ಕೆ 100 ಲೀಟರ್ ಬಳಸಿದರೆ ವರ್ಷಕ್ಕೆ 36,500. ಅಂದರೆ ಆ ಛಾವಣಿ ಇಬ್ಬರಿಗೆ ಸಾಕು. ದಿನಕ್ಕೆ 60 ಲೀಟರ್‌ಗೆ ಇಳಿಸಿದರೆ ಮೂವರಿಗೆ. ಎಷ್ಟು ಜನ ಇರಬಹುದು ಅನ್ನೋದನ್ನು ಭಾವನೆಯಿಂದಲ್ಲ, ಇಂಥ ಲೆಕ್ಕದಿಂದ ತೀರ್ಮಾನಿಸಿ.

ಕಾಂಪೋಸ್ಟ್‌ಗೆ ಒಂದು ಬಕೆಟ್ ಅಡುಗೆಮನೆಯ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ, ಹುಲ್ಲು ಹಾಕಿ. ರಾಶಿ ಎದೆ ಮಟ್ಟಕ್ಕಾದರೂ ಇರಲಿ, ಸಣ್ಣ ರಾಶಿ ಕಾಯುವುದಿಲ್ಲ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಸುರಿದರೆ ಒದ್ದೆ ಜಾಸ್ತಿ. ನಾಲ್ಕನೇ ದಿನ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿ ಇದ್ದರೆ ಒಳಗೆ 55ರಿಂದ 65 ಡಿಗ್ರಿ ಇದೆ, ಕೆಲಸ ನಡೆದಿದೆ. ಬೆಳಗಿನ ಚಳಿಯಲ್ಲಿ ರಾಶಿ ತಿರುವಿದಾಗ ಹಬೆ ಏಳುತ್ತದೆ. ಹೊಸಬರು ಯಾರೇ ಬಂದರೂ ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಒಣ ಶೌಚಾಲಯ ಮಾಡುವುದಾದರೆ ಪ್ರತಿ ಸಲವೂ ಮರದ ಹೊಟ್ಟು ಮುಚ್ಚಿ. ತುಂಬಿದ ಗುಂಡಿಯನ್ನು ಒಂದು ವರ್ಷಕ್ಕೆ ಕಡಿಮೆ ಇಲ್ಲದಂತೆ ಮುಟ್ಟದೆ ಬಿಡಿ. ಆ ಗೊಬ್ಬರ ಮರಗಳಿಗೆ ಮಾತ್ರ, ತರಕಾರಿ ಮಡಿಗೆ ಬೇಡ. ನೀರಿನ ಶೌಚಾಲಯವೇ ಬೇಕೆಂದರೆ ಗಿಡಗಳ ಮೂಲಕ ಶುದ್ಧಿ ಮಾಡುವ ದಾರಿ ಇದೆ. 1995ರಲ್ಲಿ ಫಿಂಡ್‌ಹಾರ್ನ್‌ನಲ್ಲಿ ಜೀವವಿಜ್ಞಾನಿ ಜಾನ್ ಟಾಡ್ ಅವರ 'ಲಿವಿಂಗ್ ಮಷೀನ್' ಬಂತು, ಯುರೋಪಿನಲ್ಲೇ ಮೊದಲನೆಯದು. ಗಾಜಿನ ಮನೆಯೊಳಗೆ ಸಾಲಾಗಿ ತೊಟ್ಟಿಗಳು. ಊರಿನ ಕೊಳಚೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಬೇರು, ಸೂಕ್ಷ್ಮಜೀವಿ, ಬಸವನಹುಳುಗಳು ಅದನ್ನು ತಿಂದು ತಿಳಿ ಮಾಡುತ್ತಿದ್ದವು.

ಹೆಜ್ಜೆ 7: ಮನೆ, ಕರೆಂಟು

ಮೊದಲು ಬಳಕೆ ಇಳಿಸಿ, ಆಮೇಲೆ ಸೋಲಾರ್ ಹಾಕಿ. ಮನೆ ಸಣ್ಣದಿರಲಿ. ಬಟ್ಟೆ ಒಗೆಯುವ ಯಂತ್ರ, ದೊಡ್ಡ ಅಡುಗೆಮನೆ, ಅತಿಥಿಗಳ ಕೋಣೆ, ಕಾರು ಎಲ್ಲರಿಗೂ ಸೇರಿ ಇರಲಿ. ಹತ್ತಿರದಲ್ಲಿ ಏನು ಬಿಟ್ಟಿ ಬಿದ್ದಿದೆ ನೋಡಿ. ಫಿಂಡ್‌ಹಾರ್ನ್‌ನಲ್ಲಿ 1986ರಲ್ಲಿ ಹಳೆಯ ವಿಸ್ಕಿ ಪೀಪಾಯಿಗಳ ಮರದಿಂದ ದುಂಡನೆಯ ಮನೆ ಕಟ್ಟಿದರು. ಮೊದಲ ಗಾಳಿಯಂತ್ರ ನಿಂತದ್ದು 1989ರಲ್ಲಿ, ಇನ್ನೂ ಮೂರು 2006ರಲ್ಲಿ. ನಿಧಾನ, ಆದರೆ ಪ್ರತಿ ಹೆಜ್ಜೆಯೂ ಗಟ್ಟಿ. 2006ರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅಲ್ಲಿನವರ ಪರಿಸರ ಹೆಜ್ಜೆಗುರುತು (ಅವರ ಬದುಕಿನಿಂದ ಪ್ರಕೃತಿಯ ಮೇಲೆ ಬೀಳುವ ಭಾರ) ಬ್ರಿಟನ್ನಿನ ಸರಾಸರಿಯ ಸುಮಾರು ಅರ್ಧ ಅಂತ ಕಂಡುಬಂತು. ಅರ್ಧಕ್ಕೆ ಇಳಿಸಲು ದಶಕಗಳು ಹಿಡಿದವು ಅನ್ನೋದನ್ನೂ ನೆನಪಿಡಿ.

ನೀವೂ ವರ್ಷಕ್ಕೊಮ್ಮೆ ಅಳೆಯಿರಿ. ಕರೆಂಟು, ನೀರು, ಹೊರಗಿನಿಂದ ತಂದ ಆಹಾರ, ಪ್ರಯಾಣ. ಶಿಬಿರಕ್ಕೆ ವಿಮಾನದಲ್ಲಿ ಬರುವ ಅತಿಥಿಗಳನ್ನೂ ಲೆಕ್ಕಕ್ಕೆ ಸೇರಿಸಿ. ಅದನ್ನು ಬಿಟ್ಟ ಲೆಕ್ಕ ಪೂರ್ತಿ ಲೆಕ್ಕವಲ್ಲ.

ಹೆಜ್ಜೆ 8: ಬರುವವರು, ಹೋಗುವವರು

ಶಿಬಿರಗಳಿಂದ ದುಡ್ಡು ಬರುತ್ತದೆ. ಆದರೆ ಊರಿನ ಅರ್ಧಕ್ಕಿಂತ ಹೆಚ್ಚು ಆದಾಯ ಅತಿಥಿಗಳಿಂದಲೇ ಬಂದರೆ ನಿವಾಸಿಗಳೆಲ್ಲ ಹೋಟೆಲ್ ಕೆಲಸದವರಾಗಿಬಿಡುತ್ತಾರೆ. ತೋಟ, ಕೈಕೆಲಸ, ಹೊರಗಿನ ನೌಕರಿ, ಆನ್‌ಲೈನ್ ಕೆಲಸ, ಎಲ್ಲಕ್ಕೂ ಜಾಗ ಇರಲಿ. ವರ್ಷದಲ್ಲಿ ಒಂದು ತಿಂಗಳು ಯಾವ ಅತಿಥಿಯೂ ಬೇಡ.

ಸಂಖ್ಯೆಗೆ ಆತುರ ಬೇಡ. ಆರೋವಿಲ್‌ಗೆ 50 ಸಾವಿರ ಜನರ ಯೋಜನೆ ಇತ್ತು. ಐದು ದಶಕ ಕಳೆದರೂ ಅಲ್ಲಿರುವುದು ಕೆಲವು ಸಾವಿರ. ಹೊಸಬರು ಮೊದಲು ಒಂದು ವಾರ, ಆಮೇಲೆ ಮೂರು ತಿಂಗಳು, ಆಮೇಲೆ ಒಂದು ವರ್ಷ ಇದ್ದು ನೋಡಲಿ. ಒಂದು ಮಳೆಗಾಲವನ್ನೂ ಒಂದು ಜಗಳವನ್ನೂ ಕಂಡ ಮೇಲೆಯೇ ಸದಸ್ಯತ್ವ.

ಕೊನೆಯದಾಗಿ, ಬಿಟ್ಟು ಹೋಗುವವರ ದಾರಿಯನ್ನು ಬಂದ ದಿನವೇ ಬರೆದಿಡಿ. ಅವರು ಹಾಕಿದ ಠೇವಣಿ ಎಷ್ಟು ತಿಂಗಳಲ್ಲಿ, ಎಷ್ಟು ಕಂತಿನಲ್ಲಿ ವಾಪಸ್? ಅವರು ಕಟ್ಟಿದ ಮನೆಯ ಬೆಲೆಯನ್ನು ಯಾರು ಕಟ್ಟಬೇಕು? ಆ ಮನೆಗೆ ಮುಂದೆ ಯಾರು ಬರಬಹುದು ಅಂತ ತೀರ್ಮಾನಿಸುವುದು ಯಾರು? ಗಂಡ ಹೆಂಡತಿ ಬೇರೆಯಾದರೆ? ಒಬ್ಬರು ತೀರಿಕೊಂಡರೆ ಮಕ್ಕಳಿಗೆ ಏನು ಸಲ್ಲುತ್ತದೆ? ಇದಕ್ಕಾಗಿ ಪ್ರತಿ ತಿಂಗಳ ಚಂದಾದಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಆ ಖಾತೆಯ ಪುಸ್ತಕವನ್ನು ಊಟದ ಮನೆಯಲ್ಲಿ, ಎಲ್ಲರ ಕೈಗೆ ಸಿಗುವ ಕಡೆ ಇಡಿ. ಹೋಗುವವರನ್ನು ಕೊನೆಯ ದಿನ ಎಲ್ಲರ ನಡುವೆ ಕೂರಿಸಿ, ಒಬ್ಬೊಬ್ಬರೂ ಒಂದು ಮಾತು ಹೇಳಿ, ಅವರು ನೆಟ್ಟ ಮರದ ತನಕ ಜೊತೆಗೆ ನಡೆದು ಬನ್ನಿ.